ಅಪ್ಪನ ಹವಳ

ದೋಸೆ ಹುಯ್ಯುತ್ತಿದ್ದಾಗ ತಾರಿಣಿ ಕರೆದಳು. “ಅಮ್ಮ, ಅಪ್ಪ ಬಿದ್ರು.” ಒಲೆ ಆರಿಸಿ ಓಡಿದೆ.

ಕಡಲು ಸತ್ತ ಮೇಲೆ ನಮ್ಮ ಕೇರಿಯಲ್ಲಿ ಯಾರೂ ಸತ್ತವರ ಬೂದಿಯನ್ನು ನೀರಿಗೆ ಬಿಡುವುದಿಲ್ಲ. ಸಿಮೆಂಟಿನಲ್ಲಿ ಕಲಸಿ, ಅದರ ಮೇಲೆ ಹವಳ ನೆಟ್ಟು, ಮನೆಯ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಬೆಳೆಸುತ್ತೇವೆ. ಗಾಜಿನ ಒಳಗೊಂದು, ಹೊರಗೊಂದು ಅಯಸ್ಕಾಂತ ಕೂರಿಸಿ ಹೋದ ವರ್ಷ ತೀರಿಕೊಂಡ ಇವರನ್ನು ನಾನೇ ನಿಲ್ಲಿಸಿದ್ದೆ. ಒಳಗಿನದಕ್ಕೆ ಉಪ್ಪುನೀರು ತಾಗದಂತೆ ಎರಡು ಸಲ ಅಂಟು ಬಳಿಯಬೇಕು. ತಿಥಿಯ ಗಡಿಬಿಡಿಯಲ್ಲಿ ಒಂದೇ ಸಲ ಬಳಿದಿದ್ದೆ. ಈಗ ಅದು ತುಕ್ಕು ಹಿಡಿದು ಕಳಚಿತ್ತು. ತುಕ್ಕಿನ ನೀರಿಗೆ ಹವಳ ಅರ್ಧ ಸತ್ತು ಬೆಳ್ಳಗಾಗಿತ್ತು.

ಅದನ್ನು ಬೇರೆ ಉಪ್ಪುನೀರಿಗೆ ಹಾಕಿ, ಹೊಸ ಅಯಸ್ಕಾಂತಕ್ಕೆ ಅಂಟು ಬಳಿದೆ.

“ಇನ್ನರ್ಧ ಕೆಂಪಗೇ ಇದೆ ಮಗಾ, ದೋಸೆ ತಿನ್ನು.”

ಅವಳು ತಟ್ಟೆ ಮುಟ್ಟಲಿಲ್ಲ. ವರ್ಷದಿಂದ ನುಂಗಿಕೊಂಡಿದ್ದನ್ನು ಕೊನೆಗೂ ಕೇಳಿದಳು.

“ಅಮ್ಮ, ಹವಳ ಸತ್ರೆ ಅಪ್ಪ ಇನ್ನೊಂದ್ಸಲ ಸಾಯ್ತಾರಾ?”