ಹನ್ನೆರಡನೆಯ ಕೊಳವೆ

ಇನ್ನೊಬ್ಬರ ಮನೆಯ ಮಾತಿದು, ಹೇಳಬಾರದಿತ್ತೇನೋ. ವಿಜ್ಞಾನದ ಭಾಗವನ್ನೂ ನಾನು ಕೇಳಿ ತಿಳಿದವನೇ ಹೊರತು ಓದಿದವನಲ್ಲ. ತಪ್ಪಿದ್ದರೆ ಕ್ಷಮಿಸಿ.

ಸುಪ್ರಜಾ ವರದಿಯ ಲಕೋಟೆ ಒಡೆಯುವಾಗ ಗಗನಾ ಕಂಬಕ್ಕೆ ಒರಗಿ ನಿಂತಿದ್ದಳು.

ಚಾಮರಾಜಪೇಟೆಯ ಆ ಹಜಾರದಲ್ಲಿ ಗಗನಾಳ ಬೆಡಗಿನ, ಎಂದರೆ ಒಂದೇ ವಂಶದ, ಗಂಡಸರೆಲ್ಲ ಸೇರಿದ್ದರು. ಏಳು ತಲೆಮಾರಿನ ಹಿಂದೆ ಬೆಂಗಳೂರಿಗೆ ಬಂದ ಒಬ್ಬನೇ ಮೂಲಪುರುಷನ ಮಕ್ಕಳು ತಾವು ಎಂಬುದು ಅವರ ನಂಬಿಕೆ. ಅದು ನಿಜವೇ ಎಂದು ನೋಡಲು, ಜನರ ವಲಸೆಯ ಚರಿತ್ರೆ ಹುಡುಕುವ ಸುಪ್ರಜಾ ಮೂರು ತಿಂಗಳ ಹಿಂದೆ ಇಪ್ಪತ್ತಮೂರು ಗಂಡಸರ ಉಗುಳನ್ನು ಕೊಳವೆಗಳಲ್ಲಿ ಸಂಗ್ರಹಿಸಿದ್ದಳು. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ಗುರುತೊಂದು ಅದರಲ್ಲಿರುತ್ತದಂತೆ.

ಹನ್ನೆರಡನೆಯ ಕೊಳವೆ ಯಜಮಾನ ದೊಡ್ಡಬೈರಪ್ಪನವರದು. ಗಗನಾಳ ತಾತ. ಒಬ್ಬನೇ ಮಗ ತೀರಿಕೊಂಡ ಮೇಲೆ ಅವರಿಗೆ ಉಳಿದವಳು ಈ ಮೊಮ್ಮಗಳು.

ಅಂದು ತಾತ ಕೊಳವೆಯನ್ನು ದೂರ ಹಿಡಿದಿದ್ದರು. "ಎಂಜಲನ್ನ ಹೆಣ್ಮಗಳ ಕೈಗೆ ಕೊಡೋದೇನಮ್ಮಾ? ಥೂ!"

"ಅದನ್ನೇ ಕೊಳವೆಯೊಳಗೆ ಅನ್ನಿ ತಾತ, ಸಾಕು" ಎಂದಳು ಸುಪ್ರಜಾ. ಎಲ್ಲರೂ ನಕ್ಕರು. ತಾತ ನಗದೆ ಒಳಗೆ ಹೋದರು.

ಹಿತ್ತಲಲ್ಲಿ ಮುನಿಕೃಷ್ಣ ಊಟದ ತರಕಾರಿ ಇಳಿಸುತ್ತಿದ್ದ. ಹತ್ತು ನಿಮಿಷದ ಮೇಲೆ ಗಗನಾ ತುಂಬಿದ ಕೊಳವೆ ತಂದುಕೊಟ್ಟಳು. ಸುಪ್ರಜಾ ಬೆಳಕಿಗೆ ಹಿಡಿದು, "ಪರವಾಗಿಲ್ವೇ, ತಾತ ಎಲೆಅಡಿಕೆ ಬಿಟ್ಟಿದಾರೆ. ನೀರಿನ ಹಾಗಿದೆ" ಎಂದಿದ್ದಳು.

ಮುನಿಕೃಷ್ಣನದು ಸಂಪಿಗೆ ರಸ್ತೆಯ ಬಳಿ ತರಕಾರಿ ಅಂಗಡಿ. ಅವನನ್ನು ಮದುವೆಯಾಗುತ್ತೇನೆ ಎಂದಾಗ ತಾತ ಕೂಗಾಡಿರಲಿಲ್ಲ. "ಅವರ ಮೂಲ ಯಾವ್ದು ಅಂತ ಅವರಿಗೇ ಗೊತ್ತಿಲ್ಲ. ನಮ್ ಬೆಡಗಲ್ಲಿ ಬೆರಕೆ ಇಲ್ಲ ಕಣಮ್ಮ. ಒಂದೇ ಒಂದು ಇದ್ರೆ ತೋರ್ಸು, ನಾನೇ ಧಾರೆ ಎರೀತೀನಿ" ಎಂದಿದ್ದರು.

ಆಡಿದಂತೆ ನಡೆಯುವವರು. ಹೋದ ವರ್ಷ ಕುಮಾರ ಪಾರ್ಕ್‌ನಲ್ಲಿ, ಗಂಡು ಹೆಣ್ಣು ಒಂದೇ ಬೆಡಗು ಎಂದು ತಿಳಿದಾಗ, ಪತ್ರಿಕೆ ಹಂಚಿದ್ದ ಮದುವೆಯನ್ನೇ ನಿಲ್ಲಿಸಿದ್ದರು. ಒಂದೇ ಬೆಡಗಿನವರು ಅಣ್ಣ ತಂಗಿ, ಕೊಟ್ಟು ತರುವಂತಿಲ್ಲ. ಅಳುತ್ತಿದ್ದ ಹುಡುಗಿಗೆ ಬುದ್ಧಿ ಹೇಳಿದವಳು ಗಗನಾಳೇ. "ಅಣ್ಣನ್ನ ಯಾರಾದ್ರೂ ಮದ್ವೆ ಆಗ್ತಾರೇನೇ?"

ಈಗ ಅವಳಿಗೆ ಬೇಕಿದ್ದುದು ಇಷ್ಟೇ: ಇಪ್ಪತ್ತಮೂರರಲ್ಲಿ ಒಂದು ಬೇರೆಯಾಗಬೇಕು.

"ಇಪ್ಪತ್ತಮೂರೂ ಒಂದೇ" ಎಂದಳು ಸುಪ್ರಜಾ. "ಏಳೆಂಟು ತಲೆಮಾರು ಹಿಂದಕ್ಕೆ ಹೋದ್ರೆ ಎಲ್ರಿಗೂ ಒಬ್ಬನೇ ತಂದೆ."

"ಹನ್ನೆರಡನೇದು?" ಗಗನಾ ಕೇಳಿದಳು.

"ಅದೂ ಅಷ್ಟೇ. ಅಚ್ಚು ಹೊಡೆದ ಹಾಗಿದೆ."

"ಇನ್ನೊಂದ್ ಸಲ ನೋಡಿ."

"ಎರಡು ಸಲ ನೋಡಿದೀವಿ."

ಹಜಾರದಲ್ಲಿ ಚಪ್ಪಾಳೆ ಬಿತ್ತು. ತಾತ ಎಲೆಅಡಿಕೆಯನ್ನು ಕೆನ್ನೆಗೆ ಸರಿಸಿದರು. "ತಾತನ ಮೇಲೇ ಅನುಮಾನಾನಾ ನಿಂಗೆ?" ಎಂದು ನಕ್ಕರು. ಆ ನಗು ಸ್ವಲ್ಪ ತಡವಾಗಿ ಬಂದಿತ್ತು.

ಹಿತ್ತಲ ಬಾಗಿಲಲ್ಲಿ ಮುನಿಕೃಷ್ಣ ಕಾಯುತ್ತಿದ್ದ. "ಏನಾಯ್ತು? ಗೆದ್ವಾ?"

ಗಗನಾ ಅವನ ಮುಖವನ್ನೇ ನೋಡಿದಳು. ಆ ಮೂಗು, ಆ ಅಗಲ ಹಣೆ. ಕೈ ಹಿಡಿಯಲು ಬಂದಾಗ ಎರಡು ಹೆಜ್ಜೆ ಹಿಂದೆ ಸರಿದಳು.

"ಹೋಗಣ್ಣ" ಎಂದಳು.

ಅಂದು ಒಳಮನೆಯಲ್ಲಿ ತಾತ ಖಾಲಿ ಕೊಳವೆಯನ್ನು ಅವಳ ಕೈಗಿಟ್ಟು, "ನನ್ ಕೈಲಾಗಲ್ಲ, ನೀನೇ ಏನಾದ್ರೂ ಮಾಡು" ಎಂದಿದ್ದರು. ಬೇರೆಯದು ಒಂದಾದರೂ ಇರಲೆಂದು ಅವಳು ಅದರಲ್ಲಿ ಉಗುಳಿಸಿದ್ದು ಮುನಿಕೃಷ್ಣನಿಂದ.

ತಾತನ ಮೂಲ ಬೇರೆಯಾಗಿದ್ದರೆ ಗಗನಾ ಆ ಬೆಡಗಿನವಳೇ ಅಲ್ಲ, ಅವರಿಬ್ಬರ ಮದುವೆಗೆ ಅಡ್ಡಿಯೇ ಇರಲಿಲ್ಲ. ತಾತ ಈಗಿಲ್ಲ, ಅವರು ಉಗುಳದೆ ಉಳಿದದ್ದು ಎಂಜಲಿನ ಹೇಸಿಗೆಗೋ, ಇನ್ನಾವ ಹೆದರಿಕೆಗೋ, ನನಗೆ ಗೊತ್ತಿಲ್ಲ.