ಪಟ್ಟಿಯ ಮೇಲಿನ ಪನ್ನಿ

ಹೊಸ ಕ್ರೋಮ್ ಪಟ್ಟಿಯ ಮೇಲೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ಕಿನ ನೀಲಿ ಪನ್ನಿಗೆ ಮಹಿಬೂಬ ಉಗುರು ಹಾಕಿದ್ದೇ ತಡ, ರೇವಣಪ್ಪ ಅವನ ಕೈ ಹಿಡಿದ.

“ಈಗೇ ತಗೀಬ್ಯಾಡಪಾ. ಗೀರು ಬೀಳ್ತಾವ.”

ನಾಶಿಕದ ಸಾತಪುರದಲ್ಲಿದ್ದ ತನ್ನ ಗ್ಯಾರೇಜಿನಲ್ಲಿ ಮಹಿಬೂಬ ಬೆಳಗಿನಿಂದ ಬೆವರು ಸುರಿಸಿ ಹಳೆಯ ಪಿಕಪ್ಪಿನ ಎರಡೂ ಬಾಗಿಲಿಗೆ ಪಟ್ಟಿ ಕೂರಿಸಿದ್ದ. ಆ ಕಾಲದ ಅಸಲಿ ಪಟ್ಟಿ ಎಲ್ಲಿಯೂ ಸಿಗದೆ, ಅದೇ ನಮೂನೆಯಲ್ಲಿ ಹೊಸದಾಗಿ ಮಾಡಿದ್ದನ್ನು ರೇವಣಪ್ಪ ತರಿಸಿದ್ದ. ಎಲ್ಲೋರಾ ಗುಹೆಗಳ ಪಕ್ಕದ ವೇರುಳದ ಘೃಷ್ಣೇಶ್ವರನ ಗುಡಿ ಮುಂದೆ ನಿಲ್ಲಿಸಿಯೇ ಪನ್ನಿ ತೆಗೆಯುವುದು ಎಂದು ಅವನ ಹಟ.

“ಮುಸುಕ ತಗೀಲಾರದ ಮದಿಮಗಳ್ನ ಕರಕೊಂಡು ಹೋದಂಗಾತಲ್ರಿ ಸಾಹೇಬ್ರ,” ಎಂದು ಮಹಿಬೂಬ ನಟ್ಟು ಬಿಗಿಯುವ ಪಾನಾ ಒರೆಸಿ ಇಟ್ಟ.

ಗಾಡಿ ರೇವಣಪ್ಪನ ಮಾವನದು, ಹೆಂಡತಿಯ ಅಪ್ಪನದು. ಭಾಲ್ಕಿಯಿಂದ ಉಳ್ಳಾಗಡ್ಡಿ ಹೇರಿಕೊಂಡು ಊರೂರು ತಿರುಗಿದ್ದ ಆ ಮಾವ, ಮಗಳು ಸುಶೀಲಾಬಾಯಿಯನ್ನು ಒಮ್ಮೆ ಅದರಲ್ಲೇ ವೇರುಳಕ್ಕೆ ಕರೆದೊಯ್ದಿದ್ದ. ಅವನು ತೀರಿಕೊಂಡ ಮೇಲೆ ಗಾಡಿ ನಾಶಿಕಕ್ಕೆ, ಅಳಿಯನ ಮನೆಗೆ ಬಂತು. ಅಪ್ಪನ ಪಕ್ಕ ಕೂತಿದ್ದ ಸೀಟಿನಲ್ಲಿ ಕೂತು ಇನ್ನೊಮ್ಮೆ ಹೋಗಿಬರಬೇಕು, ಅವಳಿಗಿದ್ದದ್ದು ಅದೊಂದೇ ಆಸೆ. ರೇವಣಪ್ಪ ಇಲ್ಲವೆಂದವನಲ್ಲ. ಮೊದಲು ಇಂಜಿನ್ ಆಗಲಿ ಅಂದ, ಆಮೇಲೆ ಬಣ್ಣ ಆಗಲಿ ಅಂದ, ಆಮೇಲೆ ಪಟ್ಟಿ ಬರಲಿ ಅಂದ. ಅಲ್ಲಿಯತನಕ ಯಾರೂ ಕೂರಬಾರದು, ಸೀಟು ಮಾಸುತ್ತದಂತೆ. ಆ ಮನೆಯೇ ಹಾಗೆ. ಫ್ರಿಜ್ಜು ಕೆಟ್ಟು ವರ್ಷವಾಯಿತು, ಅದರ ಬಾಗಿಲಿನ ಪನ್ನಿ ಮಾತ್ರ ಇನ್ನೂ ಹೊಸದು.

ಪಟ್ಟಿಯೂ ಬಂದಾಯಿತು. ಈಗ ಬಿಸಿಲು ಬಹಳ ಎಂದ, ಬಿಸಿಲು ಇಳಿದ ಮೇಲೆ ದಾರಿಯಲ್ಲಿ ಕೆಸರು ಎಂದ. ಗಾಡಿ ಮನೆಯ ಮುಂದೆ ಇಡೀ ಬೇಸಿಗೆ ಬೆಂದಿತು. ಅಷ್ಟರಲ್ಲಿ ಸುಶೀಲಾಬಾಯಿಯ ಮೊಣಕಾಲು ಹಿಡಿದುಕೊಂಡವು. ಇನ್ನೂ ತಡವಾದರೆ ಆ ಎತ್ತರದ ಗಾಡಿ ಹತ್ತುವುದೇ ಆಗಲಿಕ್ಕಿಲ್ಲ ಎಂದು ಅವಳು ಒಂದು ದಿನ ಅತ್ತೇ ಬಿಟ್ಟಳು. ಶ್ರಾವಣ ಸೋಮವಾರ ಹೊರಡುವುದೆಂದಾಯಿತು.

ಆ ಬೆಳಿಗ್ಗೆ ಅವಳು ಮಡಿಯುಟ್ಟು, ವಿಭೂತಿ ಹಚ್ಚಿಕೊಂಡು, ಬುತ್ತಿಗಂಟು ಹಿಡಿದು ಹೊರಗೆ ಬಂದಳು. ಓಣಿಯ ನಾಲ್ಕು ಮಂದಿ ನೋಡಲು ನಿಂತಿದ್ದರು. ರೇವಣಪ್ಪನಿಗೆ ತಡೆಯಲಾಗಲಿಲ್ಲ. ಗುಡಿಯತನಕ ಯಾಕೆ, ಇವರೂ ನೋಡಲಿ ಎಂದು ಪನ್ನಿಗೆ ಕೈ ಹಾಕಿದ. ಅದು ಬಿಸಿಲಿಗೆ ಅಂಟಿ ಕೂತಿತ್ತು. ಜಗ್ಗಿದ. ಪನ್ನಿಯ ಜೊತೆ ಹೊಳಪೂ ಹಪ್ಪಳದಂತೆ ಎದ್ದು ಬಂತು. ಕೆಳಗೆ ಬರೀ ಬಿಳಿಚಿದ ಪ್ಲಾಸ್ಟಿಕ್ಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ರೇವಣಪ್ಪ ಮೆಟ್ಟಿಲ ಮೇಲೆ ಕುಸಿದ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಓಣಿಯ ಮಂದಿ ಅತ್ತಿತ್ತ ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವನು ಫೋನು ತೆಗೆದು ಮಹಿಬೂಬನ ನಂಬರು ಹುಡುಕತೊಡಗಿದ.

“ಬ್ಯಾರೆ ಪಟ್ಟಿ ತರಸ್ತೀನಿ. ಅವು ಬಂದಮ್ಯಾಲೆ ಹೋಗೂಣು.”

ಸುಶೀಲಾಬಾಯಿ ಗಾಡಿಯ ಬಾಗಿಲು ತೆಗೆದಳು. ಬುತ್ತಿಗಂಟನ್ನು ಒಳಗಿಟ್ಟು, ಒಂದು ಕೈಯಲ್ಲಿ ಮೊಣಕಾಲು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಆ ಬೋಳು ಪಟ್ಟಿಯ ಬಾಗಿಲನ್ನೇ ಆತು ನಿಂತಳು.

“ಈಗರ ಗಾಡಿ ಹಳೇದಾತಲ್ರಿ,” ಅಂದಳು. “ಇನ್ನ ನಾ ಕುಂದರಲೇನು?”