ಹೆಬ್ಬೆರಳಿನಷ್ಟು ಮೋಡ

"ಅಪ್ಪ, ಹೊರಗೆ ಬಾ. ಒಳಗೆ ಹೋಗೋದು ಬೇಡ."

ಬ್ರಿಟಾ ಹೀಗೆಂದಾಗ ಆರ್ವಿಲ್ ಒಂದು ಕಾಲನ್ನು ಬಂಡೆಯ ಸೀಳಿನೊಳಗೆ ಇಟ್ಟಾಗಿತ್ತು. ಒಬ್ಬರು ಓರೆಯಾಗಿ ನುಗ್ಗುವಷ್ಟೇ ಅಗಲ. ಎರಡೂ ಕಡೆ ಟೋಪಿ ಬೀಳುವ ಹಾಗೆ ತಲೆಯೆತ್ತಿ ನೋಡಬೇಕಾದ ಕೆಂಪು ಗೋಡೆಗಳು. ನಡುಹಗಲಿಗೆ ಮೇಲಿನಿಂದ ಒಂದೇ ಒಂದು ಬೆಳಕಿನ ಕೋಲು ಅದರ ತಳಕ್ಕೆ ಇಳಿಯುತ್ತದೆ. ಆ ಚಿತ್ರವಿದ್ದ ಹಳೇ ಕ್ಯಾಲೆಂಡರನ್ನು ಆತ ಮಿನೆಸೋಟಾದ ತನ್ನ ಕೊಟ್ಟಿಗೆಯ ಗೋಡೆಯಿಂದ ಇವತ್ತಿಗೂ ಇಳಿಸಿಲ್ಲ. ಅದನ್ನು ಕಣ್ಣಾರೆ ನೋಡಬೇಕೆಂದೇ ಗಂಡ ಹೆಂಡತಿ ಮಗಳಿರುವ ಯೂಟಾಕ್ಕೆ ಬಂದದ್ದು. ನಾಳೆ ಬೆಳಿಗ್ಗೆ ಊರಿಗೆ ವಿಮಾನ.

"ಯಾಕಂತೆ?"

"ಮಳೆ ಬರ್ತಿದೆ."

ಆರ್ವಿಲ್ ಮೇಲೆ ನೋಡಿದ. ತೊಳೆದಿಟ್ಟ ಪಿಂಗಾಣಿ ಬಟ್ಟಲಿನಂಥ ನೀಲಿ ಆಕಾಶ. "ಲೆನೋರಾ, ಕೇಳಿಸ್ಕೊಂಡ್ಯಾ? ನಿನ್ನ ಮಗಳಿಗೆ ಮಳೆ ಕಾಣಿಸ್ತಿದೆಯಂತೆ. ಬಿಸಿಲು ತಲೆಗೆ ಹತ್ತಿದೆ, ಒಂಚೂರು ನೀರು ಕೊಡು ಅವಳಿಗೆ."

"ಮೇಲಲ್ಲ ಅಪ್ಪ, ಅಲ್ಲಿ ನೋಡು." ಬ್ರಿಟಾ ಬಡಗಣ ದಿಕ್ಕಿಗೆ ಕೈ ತೋರಿಸಿದಳು. ಪ್ರಸ್ಥಭೂಮಿಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಕಪ್ಪು ಮೋಡ.

"ಅದಾ? ಅದು ಮುಂದಿನ ಜಿಲ್ಲೆಯಲ್ಲಿದೆ ಕಣೇ! ಮೋಡ ನೋಡ್ಕೊಂಡೇ ಜೀವಮಾನ ಪೂರ್ತಿ ಹುಲ್ಲು ಕೊಯ್ದವನು ನಾನು. ನನಗೆ ಹೇಳಿಕೊಡ್ತೀಯಾ?"

"ನಿಮ್ಮೂರಲ್ಲಿ ಮಳೆ ತಲೆ ಮೇಲೆ ಬರುತ್ತೆ. ಇಲ್ಲಿ ಕಾಲಬುಡದಲ್ಲಿ ಬರುತ್ತೆ. ಅಲ್ಲಿ ಬಿದ್ದ ನೀರು ಹರಿದು ಬರೋದು ಇದೇ ಸೀಳಿಗೆ."

ಆರ್ವಿಲನ ಸೀಮೆಯವರು ಯಾವುದನ್ನೂ ನೇರವಾಗಿ ಹೇಳುವವರಲ್ಲ. ಎಲ್ಲ ಮಾತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸಿಟ್ಟು ಬಂದರೆ "ಪರವಾಗಿಲ್ಲ" ಎನ್ನುತ್ತಾರೆ. ತುಂಬಾ ಸಿಟ್ಟು ಬಂದರೆ ಹವಾಮಾನದ ಮಾತೆತ್ತುತ್ತಾರೆ. ಇವತ್ತು ಹವಾಮಾನವೇ ಜಗಳವಾಗಿ ಕೂತಿದ್ದರಿಂದ ಆತನಿಗೆ ಎಲ್ಲಿಗೆ ನುಣುಚಿಕೊಳ್ಳಬೇಕೋ ತಿಳಿಯಲಿಲ್ಲ. "ಪರವಾಗಿಲ್ಲ," ಎಂದವನೇ ಇನ್ನೊಂದು ಕಾಲನ್ನೂ ಒಳಗೆ ಇಡಲು ಹೋದ.

ಬ್ರಿಟಾ ತಂದೆಯ ತೋಳು ಹಿಡಿದು ಹಿಂದಕ್ಕೆ ಎಳೆದಳು. ಎಳೆದು, ತಾನೇ ಸೀಳಿನ ಬಾಯಿಗೆ ಅಡ್ಡ ನಿಂತಳು. "ನನ್ನನ್ನ ತಳ್ಳಿಕೊಂಡು ಹೋಗು, ಹೋಗೋದಾದ್ರೆ."

ಹಿಂದೊಮ್ಮೆ ಊಟದ ಮೇಜಿನಲ್ಲಿ, ಬಂದ ನೆಂಟರೆಲ್ಲರ ಎದುರಿಗೆ, ಈ ಅಪ್ಪನೇ ಹೇಳಿದ್ದ: ಬ್ರಿಟಾ ಟ್ರ್ಯಾಕ್ಟರ್ ಏನೋ ಓಡಿಸ್ತಾಳೆ, ಆದರೆ ಒಂದು ಮಾತು ಹೇಳಿ ಅದಕ್ಕೆ ನಿಲ್ಲೋ ಗಟ್ಟಿತನ ಅವಳಿಗಿಲ್ಲ. ಹಾಗೆಂದು ಜಮೀನನ್ನೂ ಹಸುಗಳನ್ನೂ ಅವಳ ತಮ್ಮ ಕೈಲ್‌ನ ಕೈಗೆ ಒಪ್ಪಿಸಿದ್ದ. ಅವಳು ಊರು ಬಿಟ್ಟದ್ದು ಅದಾದ ಮೇಲೆ. ಈಗ ನೀರು ಬಾರದೆ ಹೋದರೆ ತಾನು ನಗೆಪಾಟಲಾಗುತ್ತೇನೆ, ಅಪ್ಪನ ಒಂದೇ ಒಂದು ಆಸೆಯನ್ನೂ ಕೆಡಿಸಿದವಳಾಗುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೋದ ವರ್ಷ ಇಂಥದೇ ಸೀಳಿನಿಂದ, ನೀರಿಗೆ ಸಿಕ್ಕಿ ಸತ್ತ ಇಬ್ಬರನ್ನು ಹೊತ್ತು ತಂದವರಲ್ಲಿ ಅವಳೂ ಒಬ್ಬಳು. ಆ ದಿನವೂ ಆಕಾಶ ಹೀಗೇ ನೀಲಿಯಾಗಿತ್ತು.

"ಒಳಗೆ ಯಾರಾದ್ರೂ ಇದ್ರೆ ಹೊರಗೆ ಬನ್ನಿ!" ಎಂದು ಅವಳು ಸೀಳಿನೊಳಕ್ಕೆ ಕೂಗಿದಳು. ಅವಳ ದನಿಯೇ ಹಿಂದಕ್ಕೆ ಬಂತು. ಆಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಎತ್ತರದ ಬಂಡೆಗೆ ಹತ್ತಿಸಿ ಕೂರಿಸಿದಳು. ಲೆನೋರಾ ಮನೆಯಿಂದ ತಂದಿದ್ದ ಬಿಸ್ಕತ್ತಿನ ಡಬ್ಬಿ ತೆಗೆದು ಇಬ್ಬರ ಮುಂದೂ ಹಿಡಿದಳು. ಆ ಮನೆಯಲ್ಲಿ ರಾಜಿ ಪಂಚಾಯ್ತಿ ನಡೆಯುವುದೇ ಹಾಗೆ. ಇಬ್ಬರೂ ಮುಟ್ಟಲಿಲ್ಲ.

ಸೂರ್ಯ ನೆತ್ತಿಗೆ ಬಂದ. ಸೀಳಿನೊಳಗೆ ಆ ಬೆಳಕು ಇಳಿಯುತ್ತಿರಬೇಕು. ಆರ್ವಿಲ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಮರಳನ್ನೇ ನೋಡುತ್ತಾ ಕೂತ. ಅವನನ್ನು ನೋಡಿಯೂ ಬ್ರಿಟಾ ಕದಲಲಿಲ್ಲ. ನೆರಳು ಹೊರಳುವ ಹೊತ್ತಿಗೆ ಸೀಳಿನಿಂದ, ಅವಳ ಕೂಗು ಕೇಳದಷ್ಟು ಒಳಗಿದ್ದ ಯಾರೋ ಗಂಡ ಹೆಂಡತಿ ನಗುತ್ತಾ ಹೊರಬಂದರು. ಬ್ರಿಟಾಗೆ ಹೋದ ಉಸಿರು ಬಂತು. "ಎಂಥಾ ಬೆಳಕು ಯಜಮಾನ್ರೇ! ನೀವು ಹೋಗಲಿಲ್ವಾ?" ಎಂದು ಆ ಗಂಡಸು ಫೋನಿನಲ್ಲಿ ಚಿತ್ರ ತೋರಿಸಿದ. ಆರ್ವಿಲ್ ಬಹಳ ಹೊತ್ತು ನೋಡಿ, "ಚೆನ್ನಾಗಿದೆ," ಎಂದು ಫೋನನ್ನು ಜೋಪಾನವಾಗಿ ಹಿಂದಿರುಗಿಸಿದ. ಬಡಗಣದ ಮೋಡ ಯಾವಾಗಲೋ ಕರಗಿ ಹೋಗಿತ್ತು.

ಕಾರಿನತ್ತ ನಡೆಯುವಾಗ ಲೆನೋರಾ ಮೆಲ್ಲಗೆ ಅಂದಳು, "ಒಂದು ಹನಿನೂ ಬರಲಿಲ್ವಲ್ಲೇ. ಅಪ್ಪಂಗೆ ಒಂದು ಮಾತು, ತಪ್ಪಾಯ್ತು ಅಂದುಬಿಡು. ನಿನ್ನ ಗಂಟೇನು ಹೋಗುತ್ತೆ?"

"ಬೇಜಾರಾಗಿದೆ ಅಮ್ಮ. ತುಂಬಾ ಬೇಜಾರಾಗಿದೆ. ಆದ್ರೆ ತಪ್ಪಾಯ್ತು ಅನ್ನಲ್ಲ. ನಾಳೆ ಅಷ್ಟೇ ಮೋಡ ಕಂಡ್ರೂ ನಾಳೆನೂ ಅಡ್ಡ ನಿಲ್ತೀನಿ."

ಆರ್ವಿಲ್ ಏನೂ ಕೇಳಿಸಿಕೊಳ್ಳದವನಂತೆ ಕಾರು ಹತ್ತಿದ. ಹೆದ್ದಾರಿ ಸಿಕ್ಕಿ, ಕೆಂಪು ಗುಡ್ಡಗಳು ಹಿಂದೆ ಬಿದ್ದವು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಯಾರಿಗೆಂದು ಹೇಳದೆ, ಹೇಳಿದ:

"ಮೋಡ ನೋಡೋದು ಯಾರಿಗೆ ಬೇಕಾದ್ರೂ ಬರುತ್ತೆ. ಮಳೆ ಬರದೆ ಹೋದ ಮೇಲೂ ಹೇಳಿದ್ದೇ ಸರಿ ಅಂತ ನಿಲ್ಲೋದಿದೆಯಲ್ಲ, ಅದು ಕೈಲ್‌ಗೆ ಇವತ್ತಿಗೂ ಬರಲಿಲ್ಲ."

ಸ್ಟಿಯರಿಂಗ್ ಹಿಡಿದಿದ್ದ ಬ್ರಿಟಾ ಕಾರನ್ನು ನಿಧಾನ ಮಾಡಿದಳು. ಕಣ್ಣಿಗೆ ರಸ್ತೆ ಮಂಜಾಗಿತ್ತು. ಹಿಂದಿನ ಸೀಟಿನಲ್ಲಿ ಲೆನೋರಾ ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು.

"ಇಷ್ಟು ಹೇಳೋಕೆ ಮರುಭೂಮಿ ತನಕ ಬರಬೇಕಾಯ್ತೇನ್ರೀ ನಿಮಗೆ?"